ಪುಸ್ತಕ ಕಟ್ಟುತ್ತಿದ್ದ ಹುಡುಗ ಮೈಕೆಲ್ ಫ್ಯಾರಡೆ



ಈ ಸಲದ ಗೋಡೆ ಪತ್ರಿಕೆಯಲ್ಲಿ ವಿಜ್ಞಾನಿಗಳ ಪರಿಚಯ ಬರೆಯುವ ಸರದಿ ನನ್ನದು. ನಾನು ಮೈಕೆಲ್ ಫ್ಯಾರಡೆ ಅವರನ್ನು ಆರಿಸಿಕೊಂಡಿದ್ದೇನೆ. ಪಾಠದ ಪುಸ್ತಕದಲ್ಲಿ ಇವರ ಹೆಸರು ಒಂದೆರಡು ಸಾಲಿನಲ್ಲಿ ಬಂದು ಹೋಗುತ್ತದೆ. ಆದರೆ ಇವರ ಬದುಕು ಒಂದೆರಡು ಸಾಲಿನದಲ್ಲ. ಕರೆಂಟು ಹುಟ್ಟಿಸುವ ದಾರಿ ತೋರಿಸಿದವರೂ ಇವರೇ, ಆ ಕರೆಂಟು ಮಾಡುವ ಗಲಾಟೆಯನ್ನು ಕಟ್ಟಿಹಾಕುವ ದಾರಿ ತೋರಿಸಿದವರೂ ಇವರೇ. ಕೆಲವು ದೇಶಗಳಲ್ಲಿ ಜನ ಮನೆಯ ಶೆಡ್ಡಿನಲ್ಲೇ ಸಣ್ಣ ವಿಮಾನ ಕಟ್ಟುತ್ತಾರಂತೆ. ಅವರು ಕೂಡ ಫ್ಯಾರಡೆ ಕಂಡುಹಿಡಿದದ್ದನ್ನು ನೆಚ್ಚಿಕೊಂಡೇ ತಂತಿ ಎಳೆಯುತ್ತಾರೆ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಸ್ವಲ್ಪ ಉದ್ದವಾಗಿದೆ. ಬಿಡುವಿನಲ್ಲಿ ಪೂರ್ತಿ ಓದಿ.

ಬಾಲ್ಯ

ಮೈಕೆಲ್ ಫ್ಯಾರಡೆ ಅವರು 1791ನೇ ಇಸವಿ ಸೆಪ್ಟೆಂಬರ್ 22ರಂದು ಇಂಗ್ಲೆಂಡ್ ದೇಶದ ಲಂಡನ್ ನಗರದ ಪಕ್ಕದ ನ್ಯೂಯಿಂಗ್ಟನ್ ಎಂಬಲ್ಲಿ ಜನಿಸಿದರು. ತಂದೆಯ ಹೆಸರು ಜೇಮ್ಸ್ ಫ್ಯಾರಡೆ, ತಾಯಿಯ ಹೆಸರು ಮಾರ್ಗರೆಟ್. ತಂದೆಯದು ಕಮ್ಮಾರಿಕೆ. ಕುದುರೆಗೆ ಲಾಳ ಕಟ್ಟುವುದು, ಕಬ್ಬಿಣ ಬಡಿಯುವುದು ಅವರ ಕೆಲಸ. ಆದರೆ ಅವರಿಗೆ ಆರೋಗ್ಯ ಸರಿ ಇರಲಿಲ್ಲ. ಒಂದು ದಿನ ಕೆಲಸಕ್ಕೆ ಹೋದರೆ ಇನ್ನೊಂದು ದಿನ ಮಲಗಿರಬೇಕಾಗಿತ್ತು. ಮನೆಯಲ್ಲಿ ನಾಲ್ಕು ಮಕ್ಕಳು. ಮೈಕೆಲ್ ಮೂರನೆಯವರು.

1801ರಲ್ಲಿ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆ ಬಹಳ ಏರಿತು. ಆಗ ಮೈಕೆಲ್‌ಗೆ ಒಂಬತ್ತು ವರ್ಷ. ಒಂದು ವಾರಕ್ಕೆ ಒಂದು ಬ್ರೆಡ್ಡು ಕೊಟ್ಟು, ಇದನ್ನೇ ವಾರ ಪೂರ್ತಿ ತಿನ್ನಬೇಕು ಅಂತ ತಾಯಿ ಹೇಳುತ್ತಿದ್ದರು. ನಮ್ಮಲ್ಲಿ ಎಷ್ಟೇ ಬಡವರಾದರೂ ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಸಿಗುತ್ತದೆ. ಆ ಹುಡುಗನಿಗೆ ಅದೂ ಇರಲಿಲ್ಲ. ಓದು, ಬರಹ, ಸ್ವಲ್ಪ ಲೆಕ್ಕ ಇಷ್ಟನ್ನು ಮಾತ್ರ ಶಾಲೆಯಲ್ಲಿ ಕಲಿತನು. ಉಳಿದ ಹೊತ್ತು ಮನೆ ಮತ್ತು ಬೀದಿ.

ಪುಸ್ತಕದ ಅಂಗಡಿ

1804ರಲ್ಲಿ ಮೈಕೆಲ್ ಕೆಲಸಕ್ಕೆ ಸೇರಿದನು. ಆಗ ಅವನಿಗೆ ಹದಿಮೂರು ವರ್ಷ, ಅಂದರೆ ನಮ್ಮ ವಯಸ್ಸೇ! ಜಾರ್ಜ್ ರೀಬೋ ಎಂಬುವರ ಪುಸ್ತಕದ ಅಂಗಡಿ. ಆ ಕಾಲದಲ್ಲಿ ಪತ್ರಿಕೆಯ ಬೆಲೆ ಜಾಸ್ತಿ. ಒಂದೇ ಪತ್ರಿಕೆಯನ್ನು ನಾಲ್ಕಾರು ಮನೆಯವರು ಬಾಡಿಗೆಗೆ ಓದುತ್ತಿದ್ದರು. ಒಂದು ಮನೆಗೆ ಕೊಟ್ಟು, ಅವರು ಓದಿ ಮುಗಿಸಿದ ಮೇಲೆ ಇಸಿದುಕೊಂಡು ಇನ್ನೊಂದು ಮನೆಗೆ ಓಡುವುದು ಮೈಕೆಲ್‌ನ ಕೆಲಸ. ಮರುವರ್ಷ ರೀಬೋ ಅವರು ಹುಡುಗನ ಶ್ರದ್ಧೆ ಮೆಚ್ಚಿ, ದುಡ್ಡು ತೆಗೆದುಕೊಳ್ಳದೆ ಪುಸ್ತಕ ಕಟ್ಟುವ ವಿದ್ಯೆ ಕಲಿಸಲು ಏಳು ವರ್ಷಕ್ಕೆ ಸೇರಿಸಿಕೊಂಡರು. ಹಾಳೆಗಳನ್ನು ಹೊಲಿಯುವುದು, ಗೋಂದು ಹಚ್ಚುವುದು, ರಟ್ಟು ಹಾಕುವುದು, ತೊಗಲಿನ ಹೊದಿಕೆ ಅಂಟಿಸುವುದು ಇವೆಲ್ಲ ಕಲಿತನು.

ಆದರೆ ಮೈಕೆಲ್ ಬರೀ ರಟ್ಟು ಹಾಕಿ ಸುಮ್ಮನಾಗಲಿಲ್ಲ. ಕೈಗೆ ಬಂದ ಪುಸ್ತಕ ಓದುತ್ತಿದ್ದನು. ಒಂದು ದೊಡ್ಡ ವಿಶ್ವಕೋಶ ಕಟ್ಟಲು ಬಂದಾಗ ಅದರಲ್ಲಿ ವಿದ್ಯುತ್ತಿನ ಬಗ್ಗೆ ಇದ್ದ ಲೇಖನ ಓದಿದನು. ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕ ಓದಿದನು. ಓದಿದ್ದು ನಿಜವೋ ಸುಳ್ಳೋ ಅಂತ ತಾನೇ ಮಾಡಿ ನೋಡಬೇಕು ಅನ್ನುವ ಬುದ್ಧಿ ಅವನದು. ಕೈಯಲ್ಲಿ ಇದ್ದ ಕಾಸಿನಲ್ಲಿ ಗಾಜು ಕೊಂಡು, ಉಜ್ಜಿದರೆ ವಿದ್ಯುತ್ ಬರುವ ಒಂದು ಸಣ್ಣ ಯಂತ್ರವನ್ನೂ ಮಾಡಿಕೊಂಡನು.

1810ರಲ್ಲಿ ತಂದೆ ತೀರಿಕೊಂಡರು. ಅದೇ ವರ್ಷದಿಂದ ಮೈಕೆಲ್ ಸಂಜೆ ಹೊತ್ತು ಟೇಟಮ್ ಎಂಬುವರ ವಿಜ್ಞಾನ ಉಪನ್ಯಾಸಗಳಿಗೆ ಹೋಗತೊಡಗಿದನು. ಒಂದು ಉಪನ್ಯಾಸಕ್ಕೆ ಒಂದು ಶಿಲಿಂಗ್ ಕೊಡಬೇಕು. ಅದನ್ನು ಕೊಟ್ಟವನು ಅಣ್ಣ ರಾಬರ್ಟ್. ಅಣ್ಣನೂ ಕಮ್ಮಾರನೇ. ಸುತ್ತಿಗೆ ಹಿಡಿದು ದುಡಿದ ದುಡ್ಡಿನಲ್ಲಿ ತಮ್ಮನನ್ನು ಉಪನ್ಯಾಸಕ್ಕೆ ಕಳಿಸಿದ ಆ ಅಣ್ಣನ ಹೆಸರು ಯಾವ ಪಾಠದಲ್ಲೂ ಬರುವುದಿಲ್ಲ. ಅದಕ್ಕೆ ನಾನು ಇಲ್ಲಿ ಬರೆದಿದ್ದೇನೆ.

ಡೇವಿ ಅವರ ಪರಿಚಯ

1812ರಲ್ಲಿ ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿ ಮೈಕೆಲ್‌ಗೆ ಟಿಕೆಟ್ ಕೊಟ್ಟರು. ಅದು ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿ ಅವರು ಮಾಡುವ ಉಪನ್ಯಾಸದ ಟಿಕೆಟ್. ಡೇವಿ ಆಗ ಬಹಳ ಹೆಸರಾಂತ ವಿಜ್ಞಾನಿ. ಮೈಕೆಲ್ ನಾಲ್ಕು ಉಪನ್ಯಾಸ ಕೇಳಿ, ಎಲ್ಲವನ್ನೂ ಬರೆದುಕೊಂಡು, ಮನೆಗೆ ಬಂದು ಚಿತ್ರ ಸಮೇತ ಅಂದವಾಗಿ ಮತ್ತೆ ಬರೆದು, ತಾನೇ ರಟ್ಟು ಕಟ್ಟಿ ಡೇವಿ ಅವರಿಗೆ ಕಳಿಸಿ ಕೆಲಸ ಕೇಳಿದನು. ನೋಡಿ ಮಿತ್ರರೇ, ಪುಸ್ತಕ ಕಟ್ಟುವ ವಿದ್ಯೆ ಕೊನೆಗೆ ಎಲ್ಲಿ ಉಪಯೋಗಕ್ಕೆ ಬಂತು!

ಆಗ ಕೆಲಸ ಖಾಲಿ ಇರಲಿಲ್ಲ. ಸ್ವಲ್ಪ ದಿನದ ಮೇಲೆ ಪ್ರಯೋಗಾಲಯದ ಸಹಾಯಕನೊಬ್ಬ ಜಗಳ ಮಾಡಿ ಕೆಲಸ ಕಳೆದುಕೊಂಡ. ಡೇವಿ ಅವರು ಮೈಕೆಲ್‌ನನ್ನು ಕರೆಸಿದರು. 1813ರ ಮಾರ್ಚ್ 1ರಂದು ಅವರು ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸಹಾಯಕರಾದರು. ಇಲ್ಲಿಂದ ಮುಂದೆ ನಾನು ಅವರನ್ನು ಬಹುವಚನದಲ್ಲೇ ಬರೆಯುತ್ತೇನೆ. ಸೀಸೆ ತೊಳೆಯುವುದು, ಉಪನ್ಯಾಸಕ್ಕೆ ಸಾಮಾನು ಜೋಡಿಸುವುದು ಅವರ ಕೆಲಸ. ಸಂಬಳದ ಜೊತೆಗೆ ಮೇಲಟ್ಟದಲ್ಲಿ ಎರಡು ಕೋಣೆ, ಇದ್ದಿಲು ಮತ್ತು ಮೇಣದ ಬತ್ತಿ ಕೊಟ್ಟರು.

ಅದೇ ವರ್ಷ ಡೇವಿ ದಂಪತಿಗಳ ಜೊತೆ ಯೂರೋಪಿಗೆ ಹೊರಟರು. ಆ ಪ್ರವಾಸದಲ್ಲಿ ಡೇವಿ ಅವರ ಹೆಂಡತಿ ಫ್ಯಾರಡೆ ಅವರನ್ನು ಆಳಿನಂತೆ ನಡೆಸಿಕೊಂಡರು. ಮನಸ್ಸಿಗೆ ಬಹಳ ನೋವಾಯಿತು. ಬಿಟ್ಟು ಬಂದುಬಿಡೋಣ ಅಂತಲೂ ಅನ್ನಿಸಿತು. ಆದರೆ ಅದೇ ಪ್ರವಾಸದಲ್ಲಿ ಆಂಪಿಯರ್, ವೋಲ್ಟಾ ಮುಂತಾದ ದೊಡ್ಡವರನ್ನು ನೋಡಿದರು. ಅವಮಾನ ಸಹಿಸಿಕೊಂಡು ವಿದ್ಯೆಯನ್ನು ತೆಗೆದುಕೊಂಡು 1815ರಲ್ಲಿ ವಾಪಸು ಬಂದರು.

ಕರೆಂಟು ಹುಟ್ಟಿದ ವರ್ಷ 1831

1821ರಲ್ಲಿ ಫ್ಯಾರಡೆ ಅವರು ಸಾರಾ ಬರ್ನಾರ್ಡ್ ಅವರನ್ನು ಮದುವೆಯಾದರು. ಅದೇ ವರ್ಷ ಪಾದರಸದ ಬಟ್ಟಲಿನಲ್ಲಿ ಆಯಸ್ಕಾಂತ ಇಟ್ಟು, ಕರೆಂಟು ಹರಿಯುವ ತಂತಿ ಅದರ ಸುತ್ತ ತಿರುಗುವಂತೆ ಮಾಡಿದರು. ಎಲ್ಲ ಮೋಟಾರುಗಳ ಮೂಲ ಅದೇ. ಗುರುಗಳಾದ ಡೇವಿ ಅವರಿಗೆ ಶಿಷ್ಯನ ಹೆಸರು ಬೆಳೆದದ್ದು ಹಿಡಿಸಲಿಲ್ಲ ಅಂತ ಕಾಣುತ್ತದೆ. ಫ್ಯಾರಡೆ ಅವರನ್ನು ರಾಯಲ್ ಸೊಸೈಟಿಗೆ ಸೇರಿಸುವುದನ್ನು ವಿರೋಧಿಸಿದರು. ಆದರೂ 1824ರಲ್ಲಿ ಅವರು ಸದಸ್ಯರಾದರು. ಗುರುಗಳ ಮೇಲಿನ ಗೌರವವನ್ನು ಮಾತ್ರ ಫ್ಯಾರಡೆ ಬಿಡಲಿಲ್ಲ.

ಕರೆಂಟಿನಿಂದ ಆಯಸ್ಕಾಂತದ ಶಕ್ತಿ ಬರುತ್ತದೆ ಎಂದಾದರೆ, ಆಯಸ್ಕಾಂತದಿಂದ ಕರೆಂಟು ಯಾಕೆ ಬರಬಾರದು? ಈ ಪ್ರಶ್ನೆ ಅವರ ತಲೆಯಲ್ಲಿ ಹತ್ತಿರ ಹತ್ತಿರ ಹತ್ತು ವರ್ಷ ಇತ್ತು. 1831ರ ಆಗಸ್ಟ್ 29ರಂದು ಒಂದು ಕಬ್ಬಿಣದ ಬಳೆಗೆ ಎರಡು ಕಡೆ ತಾಮ್ರದ ತಂತಿ ಸುತ್ತಿದರು. ಒಂದು ಸುರುಳಿಗೆ ಬ್ಯಾಟರಿ ಸಂಪರ್ಕ ಕೊಟ್ಟ ಕ್ಷಣ, ಇನ್ನೊಂದು ಸುರುಳಿಯ ಹತ್ತಿರದ ಸೂಜಿ ಅಲುಗಾಡಿತು. ಆಮೇಲೆ ಸುಮ್ಮನಾಯಿತು. ಬ್ಯಾಟರಿ ಬಿಡಿಸಿದಾಗ ಮತ್ತೆ ಅಲುಗಾಡಿತು. ಸುಮ್ಮನೆ ಹರಿಯುವ ಕರೆಂಟಿನಿಂದ ಏನೂ ಆಗುವುದಿಲ್ಲ, ಬದಲಾದಾಗ ಮಾತ್ರ ಪಕ್ಕದ ತಂತಿಯಲ್ಲಿ ಕರೆಂಟು ಹುಟ್ಟುತ್ತದೆ ಎಂದು ಗೊತ್ತಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಎರಡು ಸಲ ಬರುತ್ತದೆ.

ಅಕ್ಟೋಬರ್ 17ರಂದು ತಂತಿಯ ಸುರುಳಿಯೊಳಗೆ ಆಯಸ್ಕಾಂತದ ಕೋಲನ್ನು ತೂರಿಸಿ ಕರೆಂಟು ಬರಿಸಿದರು. ಅಕ್ಟೋಬರ್ 28ರಂದು ದೊಡ್ಡ ಆಯಸ್ಕಾಂತದ ನಡುವೆ ತಾಮ್ರದ ತಟ್ಟೆ ತಿರುಗಿಸಿ, ನಿಲ್ಲದೆ ಬರುವ ಕರೆಂಟು ಪಡೆದರು. ಡೈನಮೋ ಹುಟ್ಟಿದ್ದು ಹೀಗೆ. ನಮ್ಮ ನಾಡಿನಲ್ಲಿ 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಯಂತ್ರ ತಿರುಗಿಸಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಅಲ್ಲಿ ತಿರುಗಿದ್ದೂ ಫ್ಯಾರಡೆ ಅವರ ತತ್ವವೇ.

ಹನ್ನೆರಡು ಅಡಿ ಪಂಜರ

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಯೋಗ ಹೇಳುತ್ತೇನೆ. 1836ರ ಜನವರಿಯಲ್ಲಿ ಫ್ಯಾರಡೆ ಅವರು 12 ಅಡಿ ಉದ್ದ, 12 ಅಡಿ ಅಗಲ, 12 ಅಡಿ ಎತ್ತರದ ಒಂದು ಪಂಜರ ಮಾಡಿಸಿದರು. ಮರದ ಚೌಕಟ್ಟಿಗೆ ತಾಮ್ರದ ತಂತಿ, ಕಾಗದ ಮತ್ತು ತವರದ ತೆಳುಹಾಳೆ ಹೊದಿಸಿದ್ದರು. ಅದು ನೆಲಕ್ಕೆ ತಾಗದಂತೆ ಕೆಳಗೆ ವಿದ್ಯುತ್ ಹರಿಯದ ವಸ್ತು ಇಟ್ಟಿದ್ದರು. ಆಮೇಲೆ ದೊಡ್ಡ ವಿದ್ಯುತ್ ಯಂತ್ರದಿಂದ ಆ ಪಂಜರಕ್ಕೆ ವಿದ್ಯುತ್ ತುಂಬಿಸಲು ಹೇಳಿ, ತಾವು ಒಳಗೆ ಹೋಗಿ ನಿಂತರು!

ಹೊರಗೆ ಪಂಜರದ ಮೈಯಿಂದ ಚಟಚಟ ಅಂತ ಕಿಡಿ ಹಾರುತ್ತಿತ್ತು. ಒಳಗೆ ಫ್ಯಾರಡೆ ಮೇಣದ ಬತ್ತಿ ಹಚ್ಚಿಕೊಂಡು, ವಿದ್ಯುತ್ ಅಳೆಯುವ ಸೂಕ್ಷ್ಮ ಉಪಕರಣ ಹಿಡಿದು ಮೂಲೆ ಮೂಲೆ ಪರೀಕ್ಷಿಸಿದರು. ಉಪಕರಣ ಅಲುಗಲೇ ಇಲ್ಲ. ಅವರಿಗೂ ಏನೂ ಆಗಲಿಲ್ಲ. ವಿದ್ಯುತ್ತೆಲ್ಲ ಲೋಹದ ಹೊರಮೈಯಲ್ಲೇ ನಿಂತಿತ್ತು. ಒಳಗೆ ಪೂರಾ ಶಾಂತಿ. ಇದಕ್ಕೇ ಫ್ಯಾರಡೆ ಪಂಜರ ಎಂದು ಹೆಸರು.

ಇದರಿಂದ ನಮಗೂ ಒಂದು ಪಾಠ ಇದೆ. ಮುಂಗಾರಿಗೆ ಮುಂಚೆ ಸಿಡಿಲು ಬಡಿಯುವಾಗ ಹೊಲದಲ್ಲಿರುವವರು ಓಡಿ ಹೋಗಿ ಮರದ ಕೆಳಗೆ ನಿಲ್ಲುತ್ತಾರೆ. ಅದು ಬಹಳ ಅಪಾಯ. ಮರಕ್ಕೆ ಸಿಡಿಲು ಬಡಿದರೆ ಕೆಳಗಿದ್ದವರಿಗೂ ತಗಲುತ್ತದೆ. ಗಟ್ಟಿ ಮನೆಯೊಳಗೆ ಹೋಗಬೇಕು. ಅದು ಇಲ್ಲದಿದ್ದರೆ ಕಿಟಕಿ ಹಾಕಿದ ಬಸ್ಸು, ಕಾರಿನೊಳಗೆ ಲೋಹಕ್ಕೆ ಮೈ ತಾಗಿಸದೆ ಕೂರಬೇಕು. ಅದರ ಲೋಹದ ಮೈಯೇ ಫ್ಯಾರಡೆ ಪಂಜರ. ದನ ಕಾಯಲು ಹೋಗುವ ನಮ್ಮ ಗೆಳೆಯರು ಇದನ್ನು ಮರೆಯಬಾರದು.

ಬಕೆಟ್ಟಿನ ಪ್ರಯೋಗ

1843ರಲ್ಲಿ ಫ್ಯಾರಡೆ ಅವರು ಇದನ್ನೇ ತಿರುವುಮುರುವು ಮಾಡಿ ನೋಡಿದರು. ಪಂಜರದಲ್ಲಿ ವಿದ್ಯುತ್ ಹೊರಗಿತ್ತು. ವಿದ್ಯುತ್ ಒಳಗಿದ್ದರೆ ಏನಾಗುತ್ತದೆ? ಮಂಜುಗಡ್ಡೆ ಇಡುವ ಒಂದು ಲೋಹದ ಬಕೆಟ್ಟನ್ನು ನೆಲಕ್ಕೆ ಸಂಪರ್ಕ ಇಲ್ಲದಂತೆ ಇಟ್ಟರು. ವಿದ್ಯುದಾವೇಶ ತುಂಬಿದ ಹಿತ್ತಾಳೆಯ ಗುಂಡನ್ನು ದಾರದಲ್ಲಿ ಕಟ್ಟಿ, ಬಕೆಟ್ಟಿಗೆ ತಾಗದ ಹಾಗೆ ಒಳಗೆ ಇಳಿಬಿಟ್ಟರು. ಗುಂಡು ಮುಟ್ಟದೇ ಇದ್ದರೂ ಬಕೆಟ್ಟಿನ ಹೊರಮೈಯಲ್ಲಿ ಅಷ್ಟೇ ಆವೇಶ ಕಾಣಿಸಿಕೊಂಡಿತು.

ಅಂದರೆ, ಲೋಹದ ಹೊದಿಕೆ ಇದ್ದ ಮಾತ್ರಕ್ಕೆ ಒಳಗಿನ ಗಲಾಟೆ ಹೊರಗೆ ಬರದೇ ಇರುವುದಿಲ್ಲ. ಹೊದಿಕೆಗೆ ನೆಲದ ಸಂಪರ್ಕ ಕೊಟ್ಟರೆ ಮಾತ್ರ ಹೊರಮೈಯ ಆವೇಶ ಇಳಿದು ಹೋಗಿ ಹೊರಗೂ ಶಾಂತಿಯಾಗುತ್ತದೆ. ಹೊರಗಿನದು ಒಳಗೆ ಬರಬಾರದು ಅಂದರೆ ಪಂಜರ ಸಾಕು. ಒಳಗಿನದು ಹೊರಗೆ ಹೋಗಬಾರದು ಅಂದರೆ ಪಂಜರಕ್ಕೆ ಅರ್ಥಿಂಗ್ ಬೇಕು. ಇದು ನನಗೆ ಮೊದಲು ತಿಳಿಯಲಿಲ್ಲ. ಮೇಷ್ಟ್ರು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ಎರಡು ಸಲ ಹೇಳಿದ ಮೇಲೆ ತಿಳಿಯಿತು. ಆ ಚಿತ್ರವನ್ನೇ ಈ ಹಾಳೆಯ ಎಡಗಡೆ ಬರೆದಿದ್ದೇನೆ.

ಮನೆಯಲ್ಲಿ ಕಟ್ಟಿದ ವಿಮಾನ

ನಮ್ಮ ಸೋದರಮಾವ ಬೆಂಗಳೂರಿನಲ್ಲಿ ವಿಮಾನಗಳ ವೈರಿಂಗ್ ಕೆಲಸ ಮಾಡುತ್ತಾರೆ. ಹಬ್ಬಕ್ಕೆ ಬಂದಾಗ ಅವರು ಹೇಳಿದ ವಿಷಯ ಇದು. ಅಮೆರಿಕಾದಲ್ಲಿ ಸಾಮಾನ್ಯ ಜನ ತಮ್ಮ ಮನೆಯಲ್ಲೇ ಒಬ್ಬರು ಇಬ್ಬರು ಕೂರುವ ವಿಮಾನ ಕಟ್ಟುತ್ತಾರೆ. ಇಂಥವರದ್ದೇ ಒಂದು ಸಂಘ 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಶುರುವಾಯಿತು. ಆಷ್‌ಕಾಷ್ ಎಂಬ ಊರಿನಲ್ಲಿ ಅವರ ದೊಡ್ಡ ಜಾತ್ರೆಯೇ ನಡೆಯುತ್ತದೆ. ತಮ್ಮ ತಮ್ಮ ವಿಮಾನ ಹಾರಿಸಿಕೊಂಡೇ ಅಲ್ಲಿಗೆ ಬರುತ್ತಾರೆ!

ಇಂಥ ವಿಮಾನಗಳ ಎಂಜಿನ್ನಿಗೆ ಕಿಡಿ ಕೊಡಲು ಹೆಚ್ಚಾಗಿ ಮ್ಯಾಗ್ನೆಟೋ ಎಂಬ ಸಾಧನ ಇರುತ್ತದೆ. ಅದರೊಳಗೆ ಆಯಸ್ಕಾಂತ ತಿರುಗುತ್ತದೆ, ಪಕ್ಕದ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಬ್ಯಾಟರಿ ಸತ್ತುಹೋದರೂ ಎಂಜಿನ್ ನಿಲ್ಲುವುದಿಲ್ಲ. ಇದು ಫ್ಯಾರಡೆ ಅವರ 1831ರ ಪ್ರಯೋಗವೇ ಅಲ್ಲವೇ? ಆದರೆ ಪ್ರತಿ ಕಿಡಿಯೂ ಒಂದು ಸಣ್ಣ ಮಿಂಚು. ಅದರಿಂದ ರೇಡಿಯೋ ಅಲೆಗಳು ಏಳುತ್ತವೆ. ಹಳೇ ಬೈಕು ಮನೆ ಮುಂದೆ ಹಾದುಹೋದಾಗ, ಪಂಪ್‌ಸೆಟ್ಟಿನ ಸ್ಟಾರ್ಟರ್ ಒತ್ತಿದಾಗ ನಮ್ಮಜ್ಜನ ರೇಡಿಯೋ ಗರ್ರ್ ಅನ್ನುವುದು ಇದೇ ಕಾರಣಕ್ಕೆ. ನಮ್ಮಜ್ಜನಿಗೆ ಒಂದು ಹಾಡು ತಪ್ಪಬಹುದು, ಅಷ್ಟೇ. ವಿಮಾನದಲ್ಲಿ ಹಾಗಲ್ಲ. ಕೆಳಗಿನ ಗೋಪುರದವರು ಯಾವ ಕಡೆ ತಿರುಗಬೇಕು, ಇಳಿಯಬಹುದೋ ಬಾರದೋ ಅಂತ ರೇಡಿಯೋದಲ್ಲೇ ಹೇಳುತ್ತಾರೆ. ಆ ರೇಡಿಯೋ 118ರಿಂದ 137 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ಅದಕ್ಕೂ ಕಿಡಿಯ ಗರ್ರ್ ಸೇರಿಕೊಂಡರೆ ಮಾತು ಕೇಳಿಸುವುದಿಲ್ಲ. ಒಂದು ಮಾತು ತಪ್ಪಿ ಕೇಳಿಸಿದರೆ ಪ್ರಾಣಕ್ಕೇ ಕುತ್ತು.

ಹೆಚ್ಚು ಗಲಾಟೆ ಮಾಡುವ ತಂತಿಗಳಲ್ಲಿ ಒಂದು, ಮ್ಯಾಗ್ನೆಟೋದಿಂದ ಪೈಲಟ್ ಮುಂದಿರುವ ಸ್ವಿಚ್ಚಿಗೆ ಬರುವ ತಂತಿ. ಈ ಸ್ವಿಚ್ಚು ನಮ್ಮ ಮನೆ ಸ್ವಿಚ್ಚಿನ ಹಾಗಲ್ಲ. ಮ್ಯಾಗ್ನೆಟೋವನ್ನು ಅರ್ಥ್ ಮಾಡಿದರೆ ಅದು ಆರುತ್ತದೆ, ಅರ್ಥ್ ಬಿಡಿಸಿದರೆ ಕಿಡಿ ಕೊಡುತ್ತದೆ. ಆದ್ದರಿಂದ ಈ ತಂತಿ ತುಂಡಾದರೆ ಸ್ವಿಚ್ಚು ಆರಿಸಿದರೂ ಮ್ಯಾಗ್ನೆಟೋ ಎಚ್ಚರವಾಗೇ ಇರುತ್ತದೆ. ಆಗ ಯಾರಾದರೂ ಕೈಯಿಂದ ಮುಂದಿನ ಪ್ರೊಪೆಲ್ಲರ್ ತಿರುಗಿಸಿದರೆ ಎಂಜಿನ್ ಸರಕ್ಕನೆ ಹೊಡೆದು ಕೈ ಹೋಗಬಹುದು. ಎಂಜಿನ್ ಓಡುವಾಗ ಈ ತಂತಿಯಲ್ಲಿ ಕಿಡಿಯ ಏರಿಳಿತ ಹರಿದು, ತಂತಿಯೇ ಒಂದು ಆಂಟೆನಾ ಆಗಿಬಿಡುತ್ತದೆ.

ಜಾಲರಿ ಮತ್ತು ಅರ್ಥಿಂಗ್

ಇದಕ್ಕೆ ಉಪಾಯ ಶೀಲ್ಡ್ ವೈರು. ಈ ಹಾಳೆಯ ಕೆಳಗೆ ದಾರದಲ್ಲಿ ಒಂದು ತಂತಿಯ ತುಂಡು ಕಟ್ಟಿದ್ದೇನೆ, ನೋಡಿ. ಇದು ಟಿವಿ ಡಿಷ್ಷಿನ ಹಳೇ ಕೇಬಲ್. ನಡುವೆ ತಾಮ್ರದ ಬಣ್ಣದ ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ಜಡೆ ಹೆಣೆದ ಹಾಗೆ ಸಣ್ಣ ತಂತಿಗಳ ಜಾಲರಿ, ಮೇಲೆ ಕರೀ ಹೊದಿಕೆ. ವಿಮಾನದ ಶೀಲ್ಡ್ ವೈರೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಆ ಜಾಲರಿಯೇ ಫ್ಯಾರಡೆ ಪಂಜರ! 12 ಅಡಿಯ ಪಂಜರವನ್ನು ಬೆರಳಿಗಿಂತ ಸಣ್ಣದು ಮಾಡಿ ತಂತಿಗೆ ತೊಡಿಸಿದ್ದಾರೆ. ಎಲ್ಲರೂ ಮುಟ್ಟಿ ನೋಡಿ, ಆದರೆ ಕಿತ್ತುಕೊಂಡು ಹೋಗಬೇಡಿ. ಬೇರೆಯವರೂ ನೋಡಬೇಕು.

ಇಲ್ಲಿ ಗಲಾಟೆ ಇರುವುದು ಪಂಜರದ ಒಳಗೆ. ಆದ್ದರಿಂದ ಬಕೆಟ್ಟಿನ ಪ್ರಯೋಗದಂತೆ ಜಾಲರಿಗೆ ಅರ್ಥಿಂಗ್ ಬೇಕೇ ಬೇಕು. ಅರ್ಥ್ ಮಾಡದ ಜಾಲರಿ ಇದ್ದೂ ಇಲ್ಲದ ಹಾಗೆ. ಹಾರುವ ವಿಮಾನಕ್ಕೆ ನೆಲ ಎಲ್ಲಿಂದ ಬರಬೇಕು ಅಂತ ನಾನು ಮಾವನನ್ನು ಕೇಳಿದೆ. ಟ್ರ್ಯಾಕ್ಟರಿನಲ್ಲಿ ಬಾಡಿ ಅರ್ಥ್ ಅನ್ನುತ್ತೇವಲ್ಲ, ಹಾಗೆ ಎಂಜಿನ್ನಿನ ಲೋಹ ಮತ್ತು ಬ್ಯಾಟರಿಯ ಮೈನಸ್ ಕಡೆಯೇ ಅಲ್ಲಿ ನೆಲ ಅಂತ ಹೇಳಿದರು. ಅನೇಕರು ಮ್ಯಾಗ್ನೆಟೋ ತಂತಿಯ ಜಾಲರಿಯನ್ನು ಎಂಜಿನ್ ಕಡೆ ಮ್ಯಾಗ್ನೆಟೋದ ಮೈಗೆ ಕಟ್ಟುತ್ತಾರೆ. ಸ್ವಿಚ್ಚಿನ ಕಡೆ ಅದನ್ನು ಸ್ವಿಚ್ಚಿನ ಇನ್ನೊಂದು ಕಾಲಿಗೆ ಕೊಡುತ್ತಾರೆ, ವಿಮಾನದ ಮೈಗೆ ಕಟ್ಟುವುದಿಲ್ಲ. ಹೀಗೆ ಹೋದ ಕರೆಂಟು ಅದೇ ಜಾಲರಿಯಲ್ಲಿ ವಾಪಸು ಬರುತ್ತದೆ.

ಎರಡೂ ತುದಿಯನ್ನು ಮೈಗೆ ಕಟ್ಟಿದರೆ ಇನ್ನೂ ಒಳ್ಳೆಯದಲ್ಲವೇ ಅಂತ ನೀವು ಕೇಳಬಹುದು. ಹಾಗೆ ಕಟ್ಟಿದರೆ ಜಾಲರಿಯೂ ವಿಮಾನದ ಮೈಯೂ ಸೇರಿ ಒಂದು ಉಂಗುರ ಆಗುತ್ತದೆ. ಉಂಗುರದ ನಡುವೆ ಬದಲಾಗುವ ಆಯಸ್ಕಾಂತ ಶಕ್ತಿ ಹಾದರೆ ಅದರಲ್ಲಿ ಕರೆಂಟು ಹುಟ್ಟುತ್ತದೆ. ಮತ್ತೆ 1831! ಅಲ್ಲದೆ ದೀಪ, ಆಲ್ಟರ್ನೇಟರ್ ಮುಂತಾದವು ಮೈಯಲ್ಲಿ ಹರಿಸುವ ಕರೆಂಟಿನ ಒಂದು ಪಾಲು ಜಾಲರಿಗೂ ನುಗ್ಗುತ್ತದೆ. ಅದಕ್ಕೇ ಮೈಕು ಮತ್ತು ಕಿವಿಗೆ ಹಾಕುವ ಹೆಡ್‌ಫೋನಿನ ತಂತಿಗಳ ಜಾಲರಿಯನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡುತ್ತಾರೆ. ಇಲ್ಲದಿದ್ದರೆ ಕಿವಿಯಲ್ಲಿ ಸೊಳ್ಳೆ ಕೂಗಿದ ಹಾಗೆ ಕುಂಯ್ ಅನ್ನುತ್ತಲೇ ಇರುತ್ತದೆ. ಆದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯ ಜಾಲರಿಯನ್ನು ಎರಡೂ ಕಡೆ ಬಿಗಿಯಾಗಿ ಲೋಹಕ್ಕೆ ತಿರುಚಿರುತ್ತಾರೆ. ಅಲ್ಲಿಯ ಕಿಡಿಯ ಅಲೆ ಬಹಳ ವೇಗದ್ದು. ಸಣ್ಣ ಸಂದು ಬಿಟ್ಟರೂ ಹೊರಗೆ ಬರುತ್ತದೆ. ಯಾವ ತಂತಿಗೆ ಯಾವ ಕ್ರಮ ಅಂತ ತಿಳಿದು ಮಾಡುವುದೇ ಜಾಣತನ.

ಅಮೆರಿಕಾದ ಬರ್ಟ್ ರುಟಾನ್ ಎಂಬುವರು 1975ರಲ್ಲಿ ಹಾರಿಸಿದ ವ್ಯಾರಿಈಜಿ ವಿಮಾನದ ಮೈ ಫೈಬರ್ ಗ್ಲಾಸಿನದು. ಲೋಹ ಅಲ್ಲ. ಅಂಥ ವಿಮಾನದಲ್ಲಿ ಬಾಡಿ ಅರ್ಥ್ ಸಿಗುವುದಿಲ್ಲ. ಪ್ರತಿಯೊಂದಕ್ಕೂ ವಾಪಸು ತಂತಿ ಎಳೆದು ಒಂದೇ ಜಾಗಕ್ಕೆ ಸೇರಿಸಬೇಕು.

ನಿಮಗೂ ಒಂದು ಪ್ರಯೋಗ. ಬ್ಯಾಟರಿಯ ರೇಡಿಯೋ ಹಾಕಿ, ಅದನ್ನು ಅಲ್ಯೂಮಿನಿಯಂ ಪಾತ್ರೆಯೊಳಗೆ ಇಟ್ಟು ಲೋಹದ ಮುಚ್ಚಳ ಬಿಗಿಯಾಗಿ ಮುಚ್ಚಿ. ಸ್ಟೇಷನ್ ಮಂಕಾಗಿ ಬರೀ ಸರ್ರ್ ಎಂಬ ಸದ್ದು ಉಳಿಯುತ್ತದೆ. ಮುಚ್ಚಳ ತೆಗೆದರೆ ಮತ್ತೆ ಬರುತ್ತದೆ. ಮನೆಯಲ್ಲಿ ಅಮ್ಮನನ್ನು ಕೇಳಿ ಪಾತ್ರೆ ತೆಗೆದುಕೊಳ್ಳಿ. ಗೋಡೆಯ ಕರೆಂಟಿಗೆ ಹಾಕಿದ ಯಾವುದನ್ನೂ ಇದಕ್ಕೆ ಬಳಸಬೇಡಿ.

ಕೊನೆಯ ದಿನಗಳು

ಫ್ಯಾರಡೆ ಅವರು ಮಾಡಿದ್ದು ಇಷ್ಟೇ ಅಲ್ಲ. 1825ರಲ್ಲಿ ಬೆಂಜೀನ್ ಕಂಡುಹಿಡಿದರು. ದ್ರಾವಣದಲ್ಲಿ ಕರೆಂಟು ಹರಿಸಿದಾಗ ನಡೆಯುವ ಕ್ರಿಯೆಗೆ ನಿಯಮ ಕೊಟ್ಟರು. ಸಮುದ್ರದ ದೀಪಸ್ತಂಭಗಳನ್ನು ಸುಧಾರಿಸಲು ಅನೇಕ ವರ್ಷ ದುಡಿದರು. ಮಕ್ಕಳಿಗಾಗಿ ಕ್ರಿಸ್‌ಮಸ್ ರಜೆಯಲ್ಲಿ ವಿಜ್ಞಾನ ಹೇಳುತ್ತಿದ್ದರು. ಬರೀ ಒಂದು ಮೇಣದ ಬತ್ತಿಯ ಬಗ್ಗೆ ಆರು ಉಪನ್ಯಾಸ ಕೊಟ್ಟಿದ್ದಾರೆ. ಅವರ ಪ್ರಯೋಗದ ದಿನಚರಿಯಲ್ಲಿ ನಂಬರು ಹಾಕಿ ಬರೆದ ಪ್ಯಾರಾಗಳು 16 ಸಾವಿರಕ್ಕೂ ಹೆಚ್ಚು. ಸೋತ ಪ್ರಯೋಗವನ್ನೂ ಬಿಡದೆ ಬರೆದಿದ್ದಾರೆ.

ವಯಸ್ಸಾದಂತೆ ಅವರ ನೆನಪಿನ ಶಕ್ತಿ ಕುಂದಿತು. ಸರ್ ಪದವಿ ಕೊಡುತ್ತೇವೆ ಎಂದಾಗ ಬೇಡ ಎಂದರು. ರಾಯಲ್ ಸೊಸೈಟಿಯ ಅಧ್ಯಕ್ಷ ಸ್ಥಾನವನ್ನು ಎರಡು ಸಲ ಬೇಡ ಎಂದರು. 1858ರಲ್ಲಿ ವಿಕ್ಟೋರಿಯಾ ರಾಣಿ ಹ್ಯಾಂಪ್ಟನ್ ಕೋರ್ಟ್ ಎಂಬಲ್ಲಿ ಇರಲು ಮನೆ ಕೊಟ್ಟರು. 1867ರ ಆಗಸ್ಟ್ 25ರಂದು ಅಲ್ಲಿಯೇ ತೀರಿಕೊಂಡರು. ಹೈಗೇಟ್ ಸ್ಮಶಾನದಲ್ಲಿ ಆಡಂಬರ ಇಲ್ಲದೆ ಮಣ್ಣು ಮಾಡಿದರು. ಅವರ ಹೆಸರು ನಮ್ಮ ಮನೆಯಲ್ಲೂ ಇದೆ, ಗೊತ್ತಾ? ಫ್ಯಾನಿನ ಕಂಡೆನ್ಸರ್ ಮೇಲೆ ಎಂ.ಎಫ್.ಡಿ. ಎಂದು ಅಚ್ಚಾಗಿರುತ್ತದೆ. ಅದು ಮೈಕ್ರೋಫ್ಯಾರಡ್. ಫ್ಯಾರಡೆ ಅವರ ಗೌರವಕ್ಕೆ ಇಟ್ಟ ಹೆಸರು.

ನಾವು ತಿಳಿಯಬೇಕಾದದ್ದು

ಕೊನೆಗೆ ಒಂದು ಮಾತು. ನಮ್ಮ ಶಾಲೆ ಏಳನೇ ತರಗತಿವರೆಗೆ ಮಾತ್ರ. ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗಬೇಕು. ಬಸ್ಸು ಸರಿಯಾಗಿ ಬರುವುದಿಲ್ಲ. ನಮ್ಮ ತರಗತಿಯಲ್ಲಿ ಕೆಲವರು ಏಳನೆಯದಕ್ಕೇ ಸಾಕು, ಗ್ಯಾರೇಜಿಗೋ ತೋಟದ ಕೆಲಸಕ್ಕೋ ಹೋಗುತ್ತೇವೆ ಅನ್ನುತ್ತಿದ್ದಾರೆ. ಕೆಲವು ಹುಡುಗಿಯರನ್ನು ಮನೆಯಲ್ಲೇ ನಿಲ್ಲಿಸುವ ಮಾತೂ ನಡೆದಿದೆ. ಫ್ಯಾರಡೆ ಹದಿಮೂರಕ್ಕೇ ಕೆಲಸಕ್ಕೆ ಸೇರಿ ದೊಡ್ಡವರಾಗಲಿಲ್ಲವೇ ಅಂತ ಯಾರಾದರೂ ಕೇಳಬಹುದು.

ಆದರೆ ಅವರು ಬೇಕು ಅಂತ ಶಾಲೆ ಬಿಟ್ಟವರಲ್ಲ. ಬಿಟ್ಟದ್ದರಿಂದ ಅವರಿಗೆ ನಷ್ಟವೂ ಆಯಿತು. ಅವರಿಗೆ ದೊಡ್ಡ ಗಣಿತ ಬರಲೇ ಇಲ್ಲ. ಆಯಸ್ಕಾಂತದ ಸುತ್ತ ಬಲದ ರೇಖೆಗಳಿವೆ ಎಂದು ಅವರು ಮನಸ್ಸಿನಲ್ಲಿ ಕಂಡರು. ಅದನ್ನು ಲೆಕ್ಕದಲ್ಲಿ ಬರೆಯಲು ಆಗಲಿಲ್ಲ. ಅನೇಕ ವಿದ್ವಾಂಸರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಆಮೇಲೆ ಮ್ಯಾಕ್ಸ್‌ವೆಲ್ ಎಂಬ ಗಣಿತ ಬಲ್ಲ ತರುಣ ಬಂದು ಅದಕ್ಕೆ ಸಮೀಕರಣ ಕೊಟ್ಟರು. 1857ರಲ್ಲಿ ಫ್ಯಾರಡೆ ಅವರು ಮ್ಯಾಕ್ಸ್‌ವೆಲ್ ಅವರಿಗೆ ಪತ್ರ ಬರೆದು, ಗಣಿತದಲ್ಲಿ ಸಿಕ್ಕ ಉತ್ತರವನ್ನು ಮಾಮೂಲಿ ಮಾತಿನಲ್ಲೂ ಹೇಳಲಾಗದೇ ಎಂದು ಕೇಳಿದ್ದರು. ಆಗ ಅವರಿಗೆ 65 ವರ್ಷ ದಾಟಿತ್ತು. ಅಷ್ಟು ದೊಡ್ಡವರು ಆ ವಯಸ್ಸಿನಲ್ಲಿ ಹಾಗೆ ಕೇಳಬೇಕಾಯಿತು ಎಂದು ಓದಿದಾಗ ನನಗೆ ಬೇಜಾರಾಯಿತು. ಅವರಿಗೆ ಸಿಗದೇ ಹೋದ ಗಣಿತದ ತರಗತಿ ನಮಗೆ ಮುಂದಿನ ಜೂನ್‌ನಲ್ಲಿ ಪಕ್ಕದ ಊರಿನಲ್ಲೇ ಇದೆ.

ಅಣ್ಣ ರಾಬರ್ಟ್ ಒಂದು ಶಿಲಿಂಗ್ ಕೊಟ್ಟ ಹಾಗೆ ನಾವೂ ಒಬ್ಬರಿಗೊಬ್ಬರು ಏನಾದರೂ ಮಾಡಬಹುದು. ಸೈಕಲ್ ಇರುವವರು ಇಲ್ಲದವರನ್ನು ಹಿಂದೆ ಕೂರಿಸಿಕೊಳ್ಳಬಹುದು. ಹುಡುಗಿಯರು ಐದಾರು ಜನ ಜೊತೆಯಾಗಿ ಹೋದರೆ ಮನೆಯವರಿಗೂ ಧೈರ್ಯ ಬರುತ್ತದೆ. ಗುರುಗಳು ಮನೆಗಳಿಗೆ ಬಂದು ಒಂದು ಮಾತು ಹೇಳಿದರೆ ಇನ್ನೂ ಒಳ್ಳೆಯದು ಎಂದು ಕೇಳಿಕೊಳ್ಳುತ್ತೇನೆ. ಗ್ಯಾರೇಜಿನ ಕೆಲಸ ಕೀಳಲ್ಲ. ಆದರೆ ಕಿಡಿ ಯಾಕೆ ಹಾರುತ್ತದೆ, ತಂತಿಗೆ ಜಾಲರಿ ಯಾಕೆ, ಅರ್ಥಿಂಗ್ ಎಲ್ಲಿ ಎಂದು ತಿಳಿದು ಗ್ಯಾರೇಜು ಇಟ್ಟರೆ ಇನ್ನೂ ಮೇಲು.



ಇಂತಿ ನಿಮ್ಮ ಸಹಪಾಠಿ,
7ನೇ ತರಗತಿ